ಹಕ್ಕುಪತ್ರದಾಚೆಗಿನ ಸೂರು: ಸಾರ್ವಜನಿಕ ಬಾಡಿಗೆ ಮನೆಯ ಪ್ರಶ್ನೆ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯಲ್ಲಿ ಬಡ ಕುಟುಂಬವೊಂದಕ್ಕೆ ಸರ್ಕಾರದಿಂದ ಮನೆ ಸಿಗುವುದೆಂದರೆ, ಗ್ರಾಮಸಭೆಯ ಪಟ್ಟಿಯಲ್ಲಿ ಹೆಸರು ಬರುವುದು, ಜಾಗವಿಲ್ಲದವರಿಗೆ ನಿವೇಶನದ ಹಕ್ಕುಪತ್ರ ದೊರೆಯುವುದು, ತಳಪಾಯದಿಂದ ಛಾವಣಿಯವರೆಗೆ ಹಂತಹಂತವಾಗಿ ಸಹಾಯಧನ ಬ್ಯಾಂಕ್ ಖಾತೆಗೆ ಜಮೆಯಾಗುವುದು ಮತ್ತು ಕೊನೆಗೆ ಆ ಮನೆ ಆ ಕುಟುಂಬದ ಸ್ವಂತ ಆಸ್ತಿಯಾಗುವುದು ಎಂದೇ ಅರ್ಥ. ಅರ್ಧ ಶತಮಾನದಿಂದ ಕರ್ನಾಟಕದ ವಸತಿ ನೀತಿ ನಡೆದುಬಂದಿರುವುದು ಬಹುಮಟ್ಟಿಗೆ ಈ ಒಂದೇ ದಾರಿಯಲ್ಲಿ. ಸರ್ಕಾರವೋ ಪುರಸಭೆಯೋ ಲಾಭದ ಉದ್ದೇಶವಿಲ್ಲದ ಸಂಸ್ಥೆಯೋ ಮಾಲೀಕತ್ವವನ್ನು ತನ್ನಲ್ಲೇ ಇಟ್ಟುಕೊಂಡು, ದುಡಿಯುವ ಬಡವರಿಗೆ ಅವರ ಆದಾಯಕ್ಕೆ ಎಟುಕುವ ಬಾಡಿಗೆಗೆ ಮನೆ ಕೊಟ್ಟು, ಒಂದು ಕುಟುಂಬ ಖಾಲಿ ಮಾಡಿದ ಮೇಲೆ ಅದೇ ಮನೆಯನ್ನು ಇನ್ನೊಂದು ಕುಟುಂಬಕ್ಕೆ ಒದಗಿಸುವ ವ್ಯವಸ್ಥೆಯನ್ನು ಸಾಮಾಜಿಕ ಬಾಡಿಗೆ ವಸತಿ ಎನ್ನುತ್ತಾರೆ. ಅಂತಹ ಮನೆಗಳು ಈ ರಾಜ್ಯದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸ್ವಂತ ಮನೆಯ ನೀತಿ ಲಕ್ಷಾಂತರ ಕುಟುಂಬಗಳಿಗೆ ಘನತೆ ತಂದುಕೊಟ್ಟಿದೆ ಎಂಬುದು ಎಷ್ಟು ನಿಜವೋ, ಕೆಲಸ ಹುಡುಕಿಕೊಂಡು ಊರು ಬಿಟ್ಟವರಿಗೆ ಅವರು ದುಡಿಯುವ ಜಾಗದಲ್ಲಿ ಆ ನೀತಿಯಿಂದ ಏನೂ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಕೊರತೆಯನ್ನು ಅರಿಯಲು, ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಯುರೋಪಿನ ದೇಶಗಳ ಅನುಭವ ನೆರವಾಗುತ್ತದೆ. ಆ ದೇಶಗಳಲ್ಲಿ ಹಲವು ತಮ್ಮ ಕೈಯಲ್ಲಿದ್ದ ಸಾರ್ವಜನಿಕ ಮನೆಗಳನ್ನು ಕೆಲವೇ ವರ್ಷಗಳಲ್ಲಿ ಮಾರಿದವು ಅಥವಾ ಹಂಚಿದವು; ಕರ್ನಾಟಕ ಅಂತಹ ಮನೆಗಳನ್ನು ಕಟ್ಟುವ ಗೋಜಿಗೇ ಹೋಗಲಿಲ್ಲ. ಹಾದಿ ಬೇರೆಯಾದರೂ ಎರಡೂ ಕಡೆ ಇಂದು ಉಳಿದಿರುವ ಪ್ರಶ್ನೆ ಒಂದೇ: ಮನೆ ಕೊಳ್ಳಲಾರದವರು, ಒಂದೇ ಊರಿನಲ್ಲಿ ನೆಲೆ ನಿಲ್ಲಲಾರದವರು ಎಲ್ಲಿ ವಾಸಿಸಬೇಕು?

ಜನತಾ ಮನೆಯಿಂದ ಆವಾಸ್ ಯೋಜನೆಯವರೆಗೆ

ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ 1970ರ ದಶಕದಲ್ಲಿ ಕಟ್ಟಲಾದ ಜನತಾ ಮನೆಗಳು ಗ್ರಾಮೀಣ ಕರ್ನಾಟಕದಲ್ಲಿ ಬಡವರ ವಸತಿಯನ್ನು ಸರ್ಕಾರದ ಹೊಣೆಯಾಗಿ ಮೊದಲು ಕಾಣಿಸಿದವು. ಮುಂದೆ 1985ರಲ್ಲಿ ಕೇಂದ್ರದ ಇಂದಿರಾ ಆವಾಸ್ ಯೋಜನೆ, 1991–92ರಲ್ಲಿ ರಾಜ್ಯದ ಆಶ್ರಯ ಯೋಜನೆ, ಆಮೇಲೆ ಅಂಬೇಡ್ಕರ್, ಬಸವ ಮತ್ತು ದೇವರಾಜ ಅರಸು ಹೆಸರಿನ ವಸತಿ ಯೋಜನೆಗಳು ಬಂದವು. ಇಂತಹ ಯೋಜನೆಗಳನ್ನು ಒಂದೇ ಸೂರಿನಡಿ ನಿರ್ವಹಿಸಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಇಂದಿರಾ ಆವಾಸ್ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವಾಗಿ ಬದಲಾದಾಗ ಬಯಲು ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ಸಹಾಯಧನ, ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣ, ಉದ್ಯೋಗ ಖಾತರಿಯಡಿ 90 ದಿನಗಳ ಕೂಲಿ ಎಂಬ ಲೆಕ್ಕ ಗೊತ್ತಾಯಿತು. ಕಾಮಗಾರಿಯ ಪ್ರತಿ ಹಂತದಲ್ಲೂ ಜಾಗದ ಗುರುತಿನೊಂದಿಗೆ ಮೊಬೈಲಿನಲ್ಲಿ ಚಿತ್ರ ತೆಗೆದು ನಿಗಮಕ್ಕೆ ಕಳಿಸಿದ ಮೇಲೆಯೇ ಮುಂದಿನ ಕಂತು ಬಿಡುಗಡೆಯಾಗುವ ಪದ್ಧತಿಯಿಂದ, ಕಾಗದದ ಮೇಲೆ ಮಾತ್ರ ಇರುವ ಮನೆಗಳ ಸಂಖ್ಯೆಗೆ ಕಡಿವಾಣ ಬಿತ್ತು.

ಚಿತ್ರದುರ್ಗ ಜಿಲ್ಲೆಯಲ್ಲಿ ಸ್ವಂತ ಮನೆಯ ನೀತಿಗೆ ಆಳವಾದ ಸಾಮಾಜಿಕ ಕಾರಣವೂ ಇತ್ತು. ಮಣ್ಣಿನ ಗೋಡೆಯ ಮಾಳಿಗೆ ಮನೆಗಳು, ಊರಾಚೆಯ ಕೇರಿಗಳು, ಗೊಲ್ಲರ ಹಟ್ಟಿಗಳು ಮತ್ತು ಲಂಬಾಣಿ ತಾಂಡಗಳಲ್ಲಿ ವಾಸಿಸುತ್ತಿದ್ದವರಲ್ಲಿ ಎಷ್ಟೋ ಮಂದಿಗೆ ತಾವು ನಿಂತ ನೆಲದ ಮೇಲೆ ದಾಖಲೆಯ ಹಕ್ಕು ಇರಲಿಲ್ಲ. ಭೂಮಾಲೀಕನ ಜಮೀನಿನಲ್ಲೋ ಸರ್ಕಾರಿ ಗೋಮಾಳದಲ್ಲೋ ಗುಡಿಸಲು ಹಾಕಿಕೊಂಡವರು ಎದ್ದು ಹೋಗೆಂದರೆ ಹೋಗಬೇಕಾದ ಸ್ಥಿತಿಯಲ್ಲಿದ್ದರು. ಸರ್ಕಾರಿ ಜಾಗದ ಮನೆಗಳನ್ನು ಸಕ್ರಮಗೊಳಿಸುವ ಭೂ ಕಂದಾಯ ಕಾಯ್ದೆಯ 94ಸಿ ಕಲಮು, ಹಟ್ಟಿ ಮತ್ತು ತಾಂಡಗಳ ನಿವಾಸಿಗಳಿಗೆ ಅವರವರ ಮನೆಯ ಜಾಗದ ಹಕ್ಕು ಕೊಡುವ ಭೂ ಸುಧಾರಣಾ ಕಾಯ್ದೆಯ 38ಎ ಕಲಮು, ಮನೆ ಮಂಜೂರಾತಿಯಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಕೊಡುವ ಆದ್ಯತೆ, ಇವೆಲ್ಲ ಆ ಅಭದ್ರತೆಗೆ ಕೊಟ್ಟ ಉತ್ತರಗಳು. ತಲೆಮಾರುಗಳಿಂದ ಇನ್ನೊಬ್ಬರ ಮರ್ಜಿಯಲ್ಲಿ ಬದುಕಿದವರಿಗೆ ಹಕ್ಕುಪತ್ರ ಎಂಬುದು ಕೇವಲ ಕಾಗದವಲ್ಲ. ಆದ್ದರಿಂದ ಬಾಡಿಗೆ ಮನೆಯ ಬಗ್ಗೆ ಎತ್ತುವ ಯಾವ ವಾದವೂ ಈ ಸಾಧನೆಯನ್ನು ಕಿರಿದುಗೊಳಿಸುವ ವಾದವಾಗಬಾರದು. ಅದರ ಪಕ್ಕದಲ್ಲಿ ಇನ್ನೊಂದು ವ್ಯವಸ್ಥೆ ಏಕೆ ಬೇಕು ಎಂಬುದನ್ನು ತೋರಿಸುವ ವಾದವಾಗಬೇಕು.

ಮನೆ ಊರಿನಲ್ಲಿ, ದುಡಿಮೆ ಪೇಟೆಯಲ್ಲಿ

ಸಹಾಯಧನದ ಮನೆಗೆ ಒಂದು ಸ್ಥಳವಿದೆ, ಆದರೆ ದುಡಿಮೆ ಆ ಸ್ಥಳಕ್ಕೆ ಬದ್ಧವಾಗಿಲ್ಲ. ಮಳೆ ಕಡಿಮೆಯಾದ ವರ್ಷಗಳಲ್ಲಿ ರಾಗಿ ಕೈಕೊಟ್ಟು, ಕೊಳವೆಬಾವಿ ಬತ್ತಿ, ತೆಂಗಿನ ತೋಟಗಳೇ ಒಣಗುವ ಈ ಭಾಗದಿಂದ ಗುಳೆ ಹೋಗುವವರಿಗೆ ಬೆಂಗಳೂರು ದೂರವೇನಲ್ಲ. ಹಿರಿಯೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಮತ್ತು ಹೊಸದುರ್ಗ ರೋಡ್ ನಿಲ್ದಾಣದ ರೈಲು ಮಾರ್ಗ ಎರಡೂ ಆ ನಗರಕ್ಕೇ ಒಯ್ಯುತ್ತವೆ. ಗಾರೆ ಕೆಲಸ, ಗಾರ್ಮೆಂಟ್ಸ್, ಹೋಟೆಲ್, ಕಾವಲುಗಾರಿಕೆ, ಮನೆಗೆಲಸ ಎಂದು ಹೋದವರ ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು, ಸರ್ಕಾರ ಕೊಟ್ಟ ಮನೆ ಎಲ್ಲವೂ ಊರಿನಲ್ಲಿ ಉಳಿಯುತ್ತವೆ. ನಗರದಲ್ಲಿ ಅವರಿಗೆ ಇರುವುದು ಮೇಸ್ತ್ರಿ ತೋರಿಸಿದ ತಗಡಿನ ಶೆಡ್ ಅಥವಾ ವಠಾರದ ಒಂದು ಕೋಣೆ. ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲೋ ಅದರ ಹತ್ತಿರದಲ್ಲೋ ಉಚಿತ ತಾತ್ಕಾಲಿಕ ವಸತಿಯನ್ನು ಮಾಲೀಕನೇ ಒದಗಿಸಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ವಿಧಿಸಿತು. ಆದರೆ ಆ ವಸತಿ ಕಟ್ಟಡ ಏಳುವವರೆಗೆ ಮಾತ್ರ. ಕಟ್ಟಡ ಮುಗಿದ ದಿನ ಶೆಡ್ಡೂ ಕಳಚುತ್ತದೆ, ಮಕ್ಕಳ ಶಾಲೆಯೂ ಬದಲಾಗುತ್ತದೆ.

ಶೆಡ್ಡಿನಿಂದ ಬಾಡಿಗೆ ಮನೆಗೆ ದಾಟಲು ಬೇಕಾದ ಮೊದಲ ಮೊತ್ತವೇ ದೊಡ್ಡ ತಡೆ. ಬೆಂಗಳೂರಿನಲ್ಲಿ ಬಹುಕಾಲ ರೂಢಿಯಲ್ಲಿದ್ದ ಹತ್ತು ತಿಂಗಳ ಮುಂಗಡವಾಗಲಿ, ದೊಡ್ಡ ಮೊತ್ತವನ್ನು ಮಾಲೀಕನಿಗೆ ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಆ ಹಣವನ್ನು ಮರಳಿ ಪಡೆಯುವ ಭೋಗ್ಯದ ಪದ್ಧತಿಯಾಗಲಿ, ಉಳಿತಾಯವಿಲ್ಲದ ಕುಟುಂಬಕ್ಕೆ ಸಾಲದ ಬಾಗಿಲನ್ನೇ ತೋರಿಸುತ್ತವೆ. ಜಾತಿ, ಧರ್ಮ, ಊಟದ ರೂಢಿಗಳನ್ನು ವಿಚಾರಿಸಿ ಮನೆ ನಿರಾಕರಿಸುವುದು ಇದಕ್ಕೆ ಸೇರುತ್ತದೆ. ಕಾನೂನಿನ ರಕ್ಷಣೆಯೂ ತೆಳುವಾದದ್ದು: 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ ಬಂದು 2001ರ ಡಿಸೆಂಬರ್ 31ರಿಂದ ಜಾರಿಯಾದ ಕರ್ನಾಟಕ ಬಾಡಿಗೆ ಕಾಯ್ದೆ, ನಿಗದಿತ ಮಿತಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಪಡೆಯಬಾರದೆಂಬ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಗೆ 2021ರಲ್ಲಿ ಒಪ್ಪಿಗೆ ದೊರೆಯಿತಾದರೂ, ಮಾದರಿ ಕಾಯ್ದೆ ತಾನಾಗಿ ಯಾವ ರಾಜ್ಯದಲ್ಲೂ ಜಾರಿಯಾಗುವುದಿಲ್ಲ; ರಾಜ್ಯಗಳೇ ಅದನ್ನು ಶಾಸನವಾಗಿಸಬೇಕು.

ಸಮಸ್ಯೆ ಮನೆಗಳ ಸಂಖ್ಯೆಯದು ಮಾತ್ರವಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನಗರವಾಸಿ ಕುಟುಂಬಗಳಲ್ಲಿ ಶೇ 27.5ರಷ್ಟು ಬಾಡಿಗೆ ಮನೆಗಳಲ್ಲಿದ್ದವು. ಅದೇ ಹೊತ್ತಿಗೆ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಮರುವರ್ಷ ಕೇಂದ್ರ ಸರ್ಕಾರದ ತಾಂತ್ರಿಕ ತಂಡವು ನಗರಗಳ ವಸತಿ ಕೊರತೆ ಸುಮಾರು 1.88 ಕೋಟಿ ಮನೆಗಳಷ್ಟಿದೆ ಎಂದು ಅಂದಾಜಿಸಿತು. ಆ ಕೊರತೆಯ ಬಹುಪಾಲು ಇದ್ದದ್ದು ಕಡಿಮೆ ಆದಾಯದವರಲ್ಲಿ, ಅದೂ ಇಕ್ಕಟ್ಟಾದ ಕೋಣೆಗಳಲ್ಲಿ ಹೆಚ್ಚು ಜನ ಬದುಕುವ ರೂಪದಲ್ಲಿ. ಖಾಲಿ ಮನೆಯೂ ಮನೆಯಿಲ್ಲದ ಕುಟುಂಬವೂ ಒಂದೇ ನಗರದಲ್ಲಿ ಇರುವಾಗ, ಅವೆರಡನ್ನು ಕೂಡಿಸುವ ಬಾಡಿಗೆ ವ್ಯವಸ್ಥೆಯನ್ನು ಮಾರುಕಟ್ಟೆ ತಾನಾಗಿ ಕಟ್ಟುವುದಿಲ್ಲ ಎಂಬುದನ್ನು ಈ ಅಂಕಿಗಳು ಸ್ಪಷ್ಟವಾಗಿ ಹೇಳುತ್ತವೆ.

ಮಾರಿಕೊಂಡ ದೇಶಗಳು ಕಲಿತದ್ದು

ಸೋವಿಯತ್ ಒಕ್ಕೂಟದಲ್ಲೂ ಪೂರ್ವ ಯುರೋಪಿನ ನಗರಗಳಲ್ಲೂ ಮನೆಗಳ ದೊಡ್ಡ ಪಾಲು ಸರ್ಕಾರದ, ನಗರಾಡಳಿತದ ಅಥವಾ ಕಾರ್ಖಾನೆಗಳ ಒಡೆತನದಲ್ಲಿತ್ತು. ಸೋವಿಯತ್ ಬಾಡಿಗೆ ದರ 1928ರಲ್ಲಿ ಗೊತ್ತಾದದ್ದು ದಶಕಗಟ್ಟಲೆ ಹಾಗೆಯೇ ಉಳಿಯಿತು. ವಾಸಿಸುವವರಿಗೆ ಅದು ಹಗುರವೆನಿಸಿದರೂ ದುರಸ್ತಿಯ ಖರ್ಚಿಗೂ ಆ ಬಾಡಿಗೆ ಸಾಲುತ್ತಿರಲಿಲ್ಲ, ಹೊಸ ಮನೆಗಾಗಿ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. 1990ರ ಸುಮಾರಿಗೆ ಆ ವ್ಯವಸ್ಥೆ ಕುಸಿದಾಗ, ಬೊಕ್ಕಸ ಬರಿದಾಗಿದ್ದ ಸರ್ಕಾರಗಳು ಮನೆಗಳನ್ನು ವಾಸಿಸುತ್ತಿದ್ದವರಿಗೇ ಬಿಟ್ಟುಕೊಟ್ಟವು. ರಷ್ಯಾ 1991ರ ಕಾನೂನಿನ ಮೂಲಕ ಉಚಿತವಾಗಿ ವರ್ಗಾಯಿಸಿತು. ರುಮೇನಿಯಾ 1990ರಿಂದಲೇ ಬಾಡಿಗೆದಾರರಿಗೆ ಅಗ್ಗವಾಗಿ ಮಾರಿತು. ಎಸ್ಟೋನಿಯಾ ಜನರು ದುಡಿದ ವರ್ಷಗಳ ಲೆಕ್ಕದಲ್ಲಿ ಕೊಟ್ಟ ಖಾಸಗೀಕರಣ ಚೀಟಿಗಳನ್ನೇ ಮನೆಯ ಬೆಲೆಯಾಗಿ ಸ್ವೀಕರಿಸಿತು. ಸ್ಲೊವೇನಿಯಾ 1991ರ ವಸತಿ ಕಾಯ್ದೆಯಡಿ ಭಾರಿ ರಿಯಾಯಿತಿ ನೀಡಿತು. ಹಂಗೇರಿ 1993ರಲ್ಲಿ ಬಾಡಿಗೆದಾರರಿಗೆ ಮನೆ ಕೊಳ್ಳುವ ಹಕ್ಕನ್ನೇ ಕೊಟ್ಟಿತು. ಇಂದು ರುಮೇನಿಯಾದಲ್ಲಿ ನೂರಕ್ಕೆ ಸುಮಾರು 95 ಮಂದಿ ಸ್ವಂತ ಮನೆಯಲ್ಲಿದ್ದಾರೆ. ಇದು ಯುರೋಪಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು.

ಮೇಲ್ನೋಟಕ್ಕೆ ಇದು ಯಶಸ್ಸು. ಆದರೆ ಪರಿಣಾಮಗಳು ನಿಧಾನವಾಗಿ ಕಾಣಿಸಿಕೊಂಡವು. ಮನೆ ಸಿಕ್ಕಿದ್ದು ಆ ಹೊತ್ತಿಗೆ ಅದರೊಳಗೆ ಇದ್ದವರಿಗೆ. ನಗರದ ನಡುವಿನ ಒಳ್ಳೆಯ ಮನೆಯಲ್ಲಿದ್ದವರು ದೊಡ್ಡ ಆಸ್ತಿಯ ಒಡೆಯರಾದರು, ಹೊರವಲಯದ ಶಿಥಿಲ ಕಟ್ಟಡದಲ್ಲಿದ್ದವರಿಗೆ ದಕ್ಕಿದ್ದು ಅಲ್ಪ, ಸರದಿಯಲ್ಲಿ ಕಾಯುತ್ತಿದ್ದ ಯುವ ಕುಟುಂಬಗಳಿಗೆ ಏನೂ ದಕ್ಕಲಿಲ್ಲ. ಮಾಲೀಕರಾದ ಅನೇಕರಲ್ಲಿ ಬಹುಮಹಡಿ ಕಟ್ಟಡದ ಛಾವಣಿ, ಲಿಫ್ಟ್, ಚಳಿಗಾಲದ ಶಾಖದ ವ್ಯವಸ್ಥೆಗಳನ್ನು ಸರಿಪಡಿಸುವ ಹಣವಿರಲಿಲ್ಲ. ಇಂತಹವರನ್ನು ವಸತಿ ವಿದ್ವಾಂಸರು ಬಡ ಮಾಲೀಕರು ಎಂದು ಗುರುತಿಸುತ್ತಾರೆ. ಸ್ಥಳೀಯ ಆಡಳಿತಗಳ ಕೈಯಲ್ಲಿ ಉಳಿದದ್ದು ಯಾರೂ ಕೊಳ್ಳದ ಕಳಪೆ ಮನೆಗಳು ಮತ್ತು ಅತ್ಯಂತ ಕಷ್ಟದಲ್ಲಿದ್ದ ಬಾಡಿಗೆದಾರರು. ರುಮೇನಿಯಾ 1998ರಲ್ಲಿ ರಾಷ್ಟ್ರೀಯ ವಸತಿ ಸಂಸ್ಥೆಯೊಂದನ್ನು ಸ್ಥಾಪಿಸಿ ಯುವಜನರಿಗಾಗಿ ಬಾಡಿಗೆ ಮನೆಗಳನ್ನು ಹೊಸದಾಗಿ ಕಟ್ಟಿಸತೊಡಗಿತು, ಆದರೆ ಮುಂದೆ ಅವನ್ನೂ ಬಾಡಿಗೆದಾರರಿಗೆ ಮಾರಲು ಕಾನೂನಿನಲ್ಲಿ ಅವಕಾಶ ಕಲ್ಪಿಸಿತು. ಸಾರ್ವಜನಿಕ ಮನೆಯನ್ನು ಹಂಚಿಬಿಡುವ ರಾಜಕೀಯ ಒತ್ತಡ ಎಷ್ಟು ಬಲವಾದದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಪೋಲೆಂಡ್ ಹಿಡಿದ ದಾರಿ ಹೆಚ್ಚು ವಿಚಾರಾರ್ಹವಾಗಿದೆ. ಅಲ್ಲಿ 1995ರ ಕಾಯ್ದೆಯೊಂದು ಸಾಮಾಜಿಕ ವಸತಿ ಸಂಘಗಳಿಗೆ ಹುಟ್ಟು ನೀಡಿತು. ಬಹುಮಟ್ಟಿಗೆ ಸ್ಥಳೀಯ ಆಡಳಿತಗಳ ಒಡೆತನದಲ್ಲಿರುವ ಈ ಸಂಘಗಳು ಕಡಿಮೆ ಬಡ್ಡಿಯ ಸಾಲದಿಂದ ಮನೆ ಕಟ್ಟಿ, ಮನೆ ಕೊಳ್ಳುವಷ್ಟು ಆದಾಯವಿಲ್ಲದ, ಆದರೆ ಕಡುಬಡತನದಲ್ಲೂ ಇಲ್ಲದ ಕುಟುಂಬಗಳಿಗೆ ವೆಚ್ಚಾಧಾರಿತ ಬಾಡಿಗೆಗೆ ಕೊಡುತ್ತವೆ. ವೆಚ್ಚಾಧಾರಿತ ಬಾಡಿಗೆ ಎಂದರೆ ಪೇಟೆ ಎಷ್ಟು ಕೊಡುತ್ತದೆ ಎಂದು ನೋಡದೆ, ಸಾಲದ ಕಂತು, ದುರಸ್ತಿ ಮತ್ತು ನಿರ್ವಹಣೆಯ ಖರ್ಚನ್ನು ತುಂಬುವಷ್ಟು ಮಾತ್ರ ನಿಗದಿ ಮಾಡುವ ಬಾಡಿಗೆ. ಬಾಡಿಗೆದಾರರು ನಿರ್ಮಾಣ ವೆಚ್ಚದ ಶೇ 30ರವರೆಗೆ ಆರಂಭದ ವಂತಿಗೆ ಕೊಡಬಹುದಾಗಿದ್ದು, ಮನೆ ಬಿಡುವಾಗ ಅದು ಅವರಿಗೆ ಮರಳುತ್ತದೆ. ಭೋಗ್ಯದ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ಈ ಏರ್ಪಾಡು ಅಪರಿಚಿತವೆನಿಸದು. ವ್ಯತ್ಯಾಸವಿರುವುದು ಆ ಹಣ ಖಾಸಗಿ ಮಾಲೀಕನ ಕೈ ಸೇರದೆ ಇನ್ನಷ್ಟು ಸಾರ್ವಜನಿಕ ಮನೆಗಳ ಬಂಡವಾಳವಾಗುವುದರಲ್ಲಿ.

ಕೆಲಸಕ್ಕೆ ಕಟ್ಟುಬಿದ್ದ ಮನೆ

ಕರ್ನಾಟಕಕ್ಕೆ ಸಾರ್ವಜನಿಕ ಬಾಡಿಗೆ ಮನೆಯ ಅನುಭವವೇ ಇಲ್ಲವೆಂದಲ್ಲ. ಅದು ಇದ್ದದ್ದು ನೌಕರಿಯ ಬೆನ್ನಿಗೆ. ತಾಲ್ಲೂಕು ಕೇಂದ್ರಗಳ ಪೊಲೀಸ್ ಕ್ವಾರ್ಟರ್ಸ್, ಲೋಕೋಪಯೋಗಿ ಇಲಾಖೆಯ ವಸತಿಗೃಹಗಳು, ನೀರಾವರಿ ಕ್ಯಾಂಪುಗಳು, 1923ರಿಂದ ಕಬ್ಬಿಣ ಉತ್ಪಾದಿಸತೊಡಗಿದ ಭದ್ರಾವತಿ ಕಾರ್ಖಾನೆಯ ವಸತಿ ಬಡಾವಣೆ, 1951ರ ತೋಟ ಕಾರ್ಮಿಕರ ಕಾಯ್ದೆ ಕಡ್ಡಾಯಗೊಳಿಸಿದ ಮಲೆನಾಡು ಹಾಗೂ ಕೊಡಗಿನ ಲೈನ್ ಮನೆಗಳು, ಇವೆಲ್ಲವೂ ಒಡೆತನವಿಲ್ಲದ ವಸತಿಗಳೇ. ಆದರೆ ನೌಕರಿ ಮುಗಿದರೆ ಮನೆಯೂ ಮುಗಿಯುತ್ತದೆ ಎಂಬ ನಿಯಮದಿಂದಾಗಿ ಮನೆಯ ಆಸೆಗೆ ಕೆಲಸಕ್ಕೂ ಕೆಲಸದ ಭಯಕ್ಕೆ ಮನೆಗೂ ಕಾರ್ಮಿಕ ಕಟ್ಟುಬೀಳುತ್ತಾನೆ. ತೋಟದ ಕೂಲಿ ಬಿಟ್ಟರೆ ಸಂಸಾರವೇ ಬೀದಿಗೆ ಬರುತ್ತದೆಂಬ ಅಂಜಿಕೆ ಎಷ್ಟೋ ತಲೆಮಾರುಗಳ ಬಾಯಿ ಕಟ್ಟಿದೆ.

ಪೂರ್ವ ಯುರೋಪಿನ ಕಾರ್ಖಾನೆ ಮನೆಗಳಿಗೆ ರಾಜ್ಯದಲ್ಲಿ ಅತ್ಯಂತ ಹತ್ತಿರದ ನಿದರ್ಶನ ಕೋಲಾರ ಚಿನ್ನದ ಗಣಿ. ಬ್ರಿಟಿಷ್ ಕಂಪನಿಗಳ ಕಾಲದಲ್ಲಿ ಕಟ್ಟಿದ ಕಾರ್ಮಿಕರ ಲೈನುಗಳು 1956ರ ರಾಷ್ಟ್ರೀಕರಣದ ನಂತರ ರಾಜ್ಯದ್ದಾಗಿ, ಆಮೇಲೆ ಕೇಂದ್ರದ್ದಾಗಿ, ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಆಸ್ತಿಯಾದವು. 2001ರಲ್ಲಿ ಗಣಿ ಮುಚ್ಚಿದಾಗ ಕೆಲಸ ಹೋಯಿತು, ಕುಟುಂಬಗಳು ಅದೇ ಕಿರಿದಾದ ಲೈನುಗಳಲ್ಲಿ ಉಳಿದುಕೊಂಡವು. ಸಂಸ್ಥೆ ಮುಳುಗಿದ ಮೇಲೆ ಮನೆ ಯಾರದು, ದುರಸ್ತಿ ಯಾರು ಮಾಡಬೇಕು, ಬೇರೆ ಊರಿನಲ್ಲಿ ದುಡಿಯುತ್ತ ಊರಿಗೆ ಮರಳುವ ಮಕ್ಕಳಿಗೆ ಅಲ್ಲಿ ಯಾವ ಹಕ್ಕಿದೆ ಎಂಬ ಪ್ರಶ್ನೆಗಳು ಮೇಲೆದ್ದವು; ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುವುದು ಸಾವಿರಾರು ಜನರ ಬದುಕಾಯಿತು. ವಸತಿಯನ್ನು ಒಂದು ಉದ್ಯಮದ ಬಾಲಕ್ಕೆ ಕಟ್ಟದೆ, ಸ್ವತಂತ್ರವಾದ ವಸತಿ ಸಂಸ್ಥೆಯ ಹೊಣೆಯಾಗಿಸಬೇಕು ಎಂಬ ಪಾಠವನ್ನು ಈ ಗಣಿಪಟ್ಟಣ ಬಹಳ ಬೆಲೆ ತೆತ್ತು ಕಲಿಸಿದೆ.

ಅರ್ಧ ದಾರಿಯ ಪ್ರಯತ್ನಗಳು

2020ರ ಲಾಕ್‌ಡೌನ್ ವಲಸೆ ಕಾರ್ಮಿಕರ ವಸತಿಯನ್ನು ದೇಶದ ಕಣ್ಣಿಗೆ ತಂದಿತು. ಕೆಲಸ ನಿಂತ ತಿಂಗಳೇ ಬಾಡಿಗೆ ಕಟ್ಟಲಾಗದೆ ಜನ ನಡೆದು ಊರು ಸೇರಿದ ಮೇಲೆ, ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಗೆ ಒಪ್ಪಿಗೆ ನೀಡಿತು. ಹಿಂದಿನ ನಗರಾಭಿವೃದ್ಧಿ ಯೋಜನೆಗಳಲ್ಲಿ ಕಟ್ಟಿ ಖಾಲಿ ಉಳಿದಿದ್ದ ಸರ್ಕಾರಿ ಮನೆಗಳನ್ನು 25 ವರ್ಷಗಳ ಅವಧಿಗೆ ಬಾಡಿಗೆ ವಸತಿಯಾಗಿ ಮಾರ್ಪಡಿಸುವುದು ಅದರ ಮೊದಲ ಮಾದರಿ. ಸಂಸ್ಥೆಗಳು ತಮ್ಮ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿ ಬಾಡಿಗೆಗೆ ಕೊಡುವುದು ಎರಡನೆಯದು. ದೇಶದಲ್ಲಿ ಅಂತಹ ಸುಮಾರು 83 ಸಾವಿರ ಖಾಲಿ ಮನೆಗಳಿದ್ದವು, ಆದರೆ ಚಂಡೀಗಢ, ಸೂರತ್ ಮುಂತಾದ ಕೆಲವೇ ನಗರಗಳಲ್ಲಿ ಅವುಗಳ ಸಣ್ಣದೊಂದು ಪಾಲು ಮಾತ್ರ ಬಾಡಿಗೆ ವಸತಿಯಾಯಿತು. ಕೆಲಸದ ಜಾಗದಿಂದ ದೂರದಲ್ಲಿ, ಬಸ್ಸು ನೀರುಗಳ ಅನುಕೂಲವಿಲ್ಲದೆಡೆ ಕಟ್ಟಿದ್ದರಿಂದಲೇ ಅಂತಹ ಮನೆಗಳಲ್ಲಿ ಅನೇಕವು ಖಾಲಿ ಬಿದ್ದಿದ್ದವು. ಒಡೆತನದ ಬದಲು ಬಾಡಿಗೆ ಎಂದು ಬರೆದ ಮಾತ್ರಕ್ಕೆ ಆ ದೂರ ಕಡಿಮೆಯಾಗುವುದಿಲ್ಲ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ವಸತಿಯು ನಾಲ್ಕು ವಿಭಾಗಗಳಲ್ಲಿ ಒಂದಾಗಿ ಸೇರಿರುವುದು, ನೀತಿ ರೂಪಿಸುವವರ ಯೋಚನೆ ಬದಲಾಗುತ್ತಿರುವುದರ ಸೂಚನೆ.

ನೆರೆಯ ಕೇರಳದಲ್ಲಿ 2019ರಲ್ಲಿ ಪಾಲಕ್ಕಾಡ್ ಜಿಲ್ಲೆಯ ಕಂಜಿಕೋಡ್ ಕೈಗಾರಿಕಾ ಪ್ರದೇಶದಲ್ಲಿ ಸರ್ಕಾರವೇ ‘ಅಪ್ನಾ ಘರ್’ ಎಂಬ 640 ಹಾಸಿಗೆಗಳ ವಲಸೆ ಕಾರ್ಮಿಕರ ವಸತಿನಿಲಯ ತೆರೆದದ್ದು, ಕೆಲಸದ ಪಕ್ಕದಲ್ಲೇ ಮನೆ ಎಂಬ ತತ್ವಕ್ಕೆ ನಿದರ್ಶನ. ಕರ್ನಾಟಕದಲ್ಲೂ ವಿದ್ಯಾರ್ಥಿಗಳ ವಿಷಯದಲ್ಲಿ ಈ ತಿಳಿವಳಿಕೆ ಬಹಳ ಹಿಂದೆಯೇ ಮೂಡಿತ್ತು. ಹಳ್ಳಿಯ ಮಕ್ಕಳು ಪಟ್ಟಣದಲ್ಲಿ ಓದಬೇಕಾದರೆ ಅವರಿಗೆ ಪಟ್ಟಣದಲ್ಲೇ ಸೂರು ಬೇಕು ಎಂದು ಮಠಗಳೂ ಸಮುದಾಯಗಳೂ ಸರ್ಕಾರವೂ ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. ಅಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಯ ಖರ್ಚಿಗೆಂದು ತಿಂಗಳಿಗೆ 1,500 ರೂಪಾಯಿ ಕೊಡುವ ವಿದ್ಯಾಸಿರಿ ಯೋಜನೆ 2013–14ರಲ್ಲಿ ಬಂದಿತು. ಯಾರೂ ಆ ವಿದ್ಯಾರ್ಥಿಗೆ ಕೋಣೆಯ ಹಕ್ಕುಪತ್ರ ಕೊಡಬೇಕೆಂದು ಕೇಳಲಿಲ್ಲ. ಓದು ಮುಗಿದ ಮೇಲೆ ಆ ಹಾಸಿಗೆ ಮುಂದಿನ ವರ್ಷದ ವಿದ್ಯಾರ್ಥಿಗೆ ಸಿಗಬೇಕೆಂಬುದನ್ನು ಎಲ್ಲರೂ ಒಪ್ಪಿದರು. ಓದಲು ಬಂದವರಿಗೆ ಒಪ್ಪಿದ ಈ ನ್ಯಾಯ ದುಡಿಯಲು ಬಂದವರಿಗೂ ಸಲ್ಲಬೇಕು.

ತಾಲ್ಲೂಕು ಕೇಂದ್ರದಿಂದ ಆರಂಭಿಸಬೇಕು

ಸಾಮಾಜಿಕ ಬಾಡಿಗೆ ವಸತಿಯೆಂದರೆ ಬೆಂಗಳೂರಿನ ಬಹುಮಹಡಿ ಕಟ್ಟಡಗಳೇ ಆಗಬೇಕೆಂದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂತಹ ಪಟ್ಟಣಗಳಿಗೆ ಸುತ್ತಲ ಹೋಬಳಿಗಳಿಂದ ಹೊರಗುತ್ತಿಗೆ ನೌಕರರು, ಪೌರಕಾರ್ಮಿಕರು, ಅಂಗಡಿ ಹಾಗೂ ಮಾರುಕಟ್ಟೆಯ ಕೂಲಿಗಳು, ಮಕ್ಕಳ ಓದಿಗಾಗಿ ಬಂದ ತಾಯಂದಿರು, ಒಂಟಿ ಮಹಿಳೆಯರು ಬಂದು ನೆಲೆಸುತ್ತಾರೆ. ಅವರಿಗೆ ಊರಿನಲ್ಲಿ ಮನೆಯಿರಬಹುದು, ಪಟ್ಟಣದಲ್ಲಿ ಇನ್ನೊಂದನ್ನು ಕೊಳ್ಳುವ ಶಕ್ತಿಯೂ ಅಗತ್ಯವೂ ಇಲ್ಲದಿರಬಹುದು. ಆದರೆ ಹತ್ತು ವರ್ಷ ನಿಶ್ಚಿಂತೆಯಿಂದ ಇರಬಹುದಾದ ಎರಡು ಕೋಣೆಗಳ ಅಗತ್ಯ ಖಂಡಿತ ಇದೆ. ಇಂತಹ ಸ್ಥಳೀಯ ಸಂಸ್ಥೆಗಳಿಗೆ ಬಾಡಿಗೆ ವ್ಯವಹಾರ ಹೊಸದಲ್ಲ, ಪೇಟೆಯ ಮಳಿಗೆಗಳನ್ನು ಅವು ಹರಾಜು ಹಾಕಿ ಬಾಡಿಗೆಗೆ ಕೊಡುತ್ತಲೇ ಬಂದಿವೆ. ಆ ಮಳಿಗೆಗಳ ಅನುಭವವೇ ಎಚ್ಚರಿಕೆಯನ್ನೂ ಹೇಳುತ್ತದೆ: ಬಾಡಿಗೆ ದಶಕಗಟ್ಟಲೆ ಪರಿಷ್ಕರಣೆಯಾಗದಿರುವುದು, ಪಡೆದವರು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡುವುದು, ಬಾಕಿ ಬೆಳೆಯುವುದು, ಕಟ್ಟಡ ಸೋರಿದರೂ ದುರಸ್ತಿಗೆ ಹಣವಿಲ್ಲದಿರುವುದು. ಸೋವಿಯತ್ ಬಾಡಿಗೆ ಮನೆಗಳನ್ನು ಒಳಗಿಂದ ಸವೆಸಿದ್ದೂ ಈ ದೋಷಗಳಲ್ಲಿ ಕೆಲವೇ.

ಆದ್ದರಿಂದ ಮೂರು ಸಂಗತಿಗಳನ್ನು ಮೊದಲೇ ಕಾನೂನಿನಲ್ಲಿ ಬಿಗಿಯಬೇಕು. ಮೊದಲನೆಯದು, ಸಾರ್ವಜನಿಕ ಹಣದಲ್ಲಿ ಬಾಡಿಗೆಗೆಂದು ಕಟ್ಟಿದ ಮನೆಯನ್ನು ಯಾವ ಚುನಾವಣೆಯ ಹೊತ್ತಿನಲ್ಲೂ ಮಾರುವಂತಿಲ್ಲ, ಮಾರಲೇಬೇಕಾಗಿ ಬಂದರೆ ಆ ಹಣದಿಂದ ಅಷ್ಟೇ ಸಂಖ್ಯೆಯ ಮನೆಗಳನ್ನು ಮತ್ತೆ ಕಟ್ಟಬೇಕು ಎಂಬ ನಿಯಮ. ಎರಡನೆಯದು, ಬಾಡಿಗೆಯನ್ನು ನಿರ್ವಹಣೆಯ ವೆಚ್ಚಕ್ಕೆ ಸಾಲುವಂತೆ ಗೊತ್ತುಮಾಡಿ, ಅಷ್ಟನ್ನೂ ಕೊಡಲಾಗದ ಕುಟುಂಬಕ್ಕೆ ವ್ಯತ್ಯಾಸದ ಮೊತ್ತವನ್ನು ಸಹಾಯಧನವಾಗಿ ಪ್ರತ್ಯೇಕವಾಗಿ ಕೊಟ್ಟು, ಬಾಡಿಗೆಯ ಒಂದು ಪಾಲನ್ನು ದುರಸ್ತಿಯ ನಿಧಿಗೆ ಕಡ್ಡಾಯವಾಗಿ ಸೇರಿಸುವ ಲೆಕ್ಕ. ಮೂರನೆಯದು, ಯಾರಿಗೆ ಸರದಿ, ಎಷ್ಟು ವರ್ಷ, ಆದಾಯ ಹೆಚ್ಚಿದಾಗ ಏನು ಎಂಬ ಶರತ್ತುಗಳನ್ನು ಸಾರ್ವಜನಿಕ ಫಲಕದಲ್ಲಿ ಪ್ರಕಟಿಸಿ, ಸ್ವಂತ ಮನೆಯ ಫಲಾನುಭವಿಗಳನ್ನು ಗ್ರಾಮಸಭೆ ಆರಿಸುವಂತೆ ಇಲ್ಲೂ ತೆರೆದ ಸಭೆಯಲ್ಲಿ ಆರಿಸುವ ಪದ್ಧತಿ. ಕಟ್ಟಡ ಕಾಮಗಾರಿಗಳ ಮೇಲೆ ಸಂಗ್ರಹವಾಗುವ ಶೇ 1ರ ಕಾರ್ಮಿಕ ಸುಂಕದ ಒಂದು ಪಾಲು ಅದೇ ಕಾರ್ಮಿಕರ ಬಾಡಿಗೆ ವಸತಿಗೆ ಬಂಡವಾಳವಾದರೆ, ನಗರ ಕಟ್ಟಿದವರಿಗೆ ಆ ನಗರದಲ್ಲೇ ಸೂರು ಒದಗಿಸಿದಂತಾಗುತ್ತದೆ.

ಹಕ್ಕುಪತ್ರ ಕೊಡುವ ದಿನ ಸಮಾರಂಭವಿರುತ್ತದೆ, ಫಲಾನುಭವಿಯ ಹೆಸರು ಫಲಕದ ಮೇಲೆ ಬರುತ್ತದೆ; ಬಾಡಿಗೆ ಮನೆಯನ್ನು ವರ್ಷದಿಂದ ವರ್ಷಕ್ಕೆ ಚೆನ್ನಾಗಿ ಇಟ್ಟುಕೊಳ್ಳುವ ಕೆಲಸಕ್ಕೆ ಅಂತಹ ಸಂಭ್ರಮವಿಲ್ಲ. ಆದರೂ ಮಾಡದಕೆರೆ ಹೋಬಳಿಯ ಕುಟುಂಬವೊಂದಕ್ಕೆ ಎರಡೂ ಬೇಕು: ಮರಳಿ ಬರಲು ಊರಿನಲ್ಲಿ ತನ್ನದೇ ಆದ ಮನೆ, ದುಡಿಯುವಷ್ಟು ಕಾಲ ಪಟ್ಟಣದಲ್ಲಿ ಯಾರ ಮರ್ಜಿಗೂ ಕಾಯದ ಬಾಡಿಗೆ ಮನೆ. ಮೊದಲನೆಯದನ್ನು ಕೊಡಲು ರಾಜ್ಯ ಐದು ದಶಕಗಳಲ್ಲಿ ಕಲಿತಿದೆ. ಎರಡನೆಯದನ್ನು ಕಲಿಯುವಾಗ, ಇದ್ದದ್ದನ್ನು ಮಾರಿ ಮತ್ತೆ ಕಟ್ಟಲು ಹೊರಟ ದೇಶಗಳು ತೆತ್ತ ಬೆಲೆಯನ್ನು ಇಲ್ಲಿ ಮತ್ತೊಮ್ಮೆ ತೆರಬೇಕಾಗಿಲ್ಲ.